ಕರಾಯಿ ಹೆರ್ವಾಸಿಯೊ ಮತ್ತು ಇರುವೆಗಳ ಹೆದ್ದಾರಿ

ಬೆಳಗೆದ್ದು ದೇವರ ಹೆಸರು ಹೇಳುವವರುಂಟು. ಊರವರು ಗೌರವದಿಂದ ‘ಕರಾಯಿ’ ಎಂದು ಕರೆಯುವ ಹೆರ್ವಾಸಿಯೊ ಮಾತ್ರ ಎದ್ದೊಡನೆ ಇರುವೆಗಳನ್ನು ಬೈಯುತ್ತಾನೆ. ಅಂಗಳದಲ್ಲಿ ಕುರ್ಚಿ ಹಾಕಿ, ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆಯ ಮೊದಲ ಗುಟುಕನ್ನು ಪದ್ಧತಿಯಂತೆ ಸಂತ ತೋಮಸನಿಗೆ ಬಿಟ್ಟು, ಎರಡನೆಯದನ್ನು ತಾನು ಹೀರಿ, ಎಲೆ ಕತ್ತರಿಸುವ ಆ ಇರುವೆಗಳ ಜನ್ಮ ಜಾಲಾಡತೊಡಗಿದನೆಂದರೆ ಬಿಸಿಲು ನೆತ್ತಿಗೇರಿದರೂ ನಿಲ್ಲಿಸುವುದಿಲ್ಲ. “ನಮ್ಮಪ್ಪನ ಕಾಲದ ಇರುವೆಗೆ ಮಾನ ಮರ್ಯಾದೆ ಇತ್ತು. ಬಿದ್ದ ಮರದ ಮೇಲೆ, ಬೇರಿನ ಸಂದೀಲಿ ಸುತ್ತಾಡ್ಕೊಂಡು ಗೂಡಿನ ಪಕ್ಕದಲ್ಲೇ ಎಲೆ ಕತ್ತರಿಸ್ತಿದ್ವು. ಈಗಿನವು ಹುಲ್ಲು ಸವರಿ, ಹೆದ್ದಾರಿ ಮಾಡ್ಕೊಂಡು, ನೆಟ್ಟಗೆ ನನ್ ಮನೆಗೇ ಬರ್ತವೆ” ಎಂಬುದು ಅವನ ನಿತ್ಯ ಪಾರಾಯಣ. ಅಪ್ಪನ ಕಾಲದ ಕಾಡನ್ನು ಕಡಿಸಿ ಮಾರಿ, ದನ ಮೇಯಲು ಬಯಲು ಮಾಡಿದವನು ತಾನೇ ಎಂಬ ಅಧ್ಯಾಯ ಮಾತ್ರ ಅದರಲ್ಲಿ ಬರುವುದಿಲ್ಲ. ಬೇಲಿಯಾಚೆಯ ದೆಯೋಲಿಂದಾ ಬಟ್ಟೆ ಹಿಂಡುತ್ತಲೇ, “ಎಲೆ ಅಂತ ಉಳಿದಿರೋದು ನಿಮ್ಮನೇಲೊಂದೇ ಕರಾಯಿ. ಅವು ಇನ್ನೆಲ್ಲಿಗೆ ಹೋಗ್ಬೇಕು, ನಿಮ್ಮ ದನ ಹತ್ತೋಕಾ?” ಎನ್ನುತ್ತಾಳೆ. ಅವನು ಕೇಳಿಸದವನಂತೆ ಹುಲ್ಲಿನ ಟೋಪಿಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಾನೆ. ಉಳಿದಿರುವುದು ಒಂದು ಕಿತ್ತಳೆ ಮರ. ಕಾಡು ಕಡಿಸುವಾಗ ಹೆಂಡತಿ ಬೆನಿಗ್ನಾ, “ನೆರಳಿಗೆ ಒಂದ್ ಮರ ಆದ್ರೂ ಬಿಡಿ” ಎಂದು ಗೋಗರೆದರೂ ಅವನು ಬಿಡಲಿಲ್ಲ. ಆಮೇಲೆ ಅವಳೇ ಹಟ ಹಿಡಿದು ಅಂಗಳದಲ್ಲಿ ಈ ಕಿತ್ತಳೆಯನ್ನು ನೆಟ್ಟಳು. ಈಗ ಅವಳಿಲ್ಲ, ಮರವಿದೆ. ಸಂಜೆಯಾದರೆ ಹೆರ್ವಾಸಿಯೊ ದೂರದ ಹಳ್ಳದ ದಂಡೆಯಿಂದ ಒಂದು ಮೂಟೆ ಸೊಪ್ಪು ಹೊತ್ತು ತಂದು, ದೆಯೋಲಿಂದಾ ಒಳಗೆ ಹೋದಳೆಂದು ಖಾತ್ರಿ ಮಾಡಿಕೊಂಡು, ಇರುವೆಗಳ ದಾರಿಯ ಮಧ್ಯದಲ್ಲಿ ಸುರಿಯುತ್ತಾನೆ. ಆಮೇಲೆ ಮಂಡಿಯೂರಿ, ಟೋಪಿ ತೆಗೆದು, ಮೆಲ್ಲಗೆ ಹೇಳುತ್ತಾನೆ: “ಒಂದ್ ಮರ ಆದ್ರೂ ಬಿಡಿ.”