ಎರಡನೆಯ ಕೀಲಿ

ಸುಲೇಮಾ ಪೈನೆಫಿಲ್ ಜಗಳಗಂಟಿಯೆಂದು ನಮ್ಮ ಅನ್ಯೇಲೊ ಊರಿನಲ್ಲಿ ಹೇಳದವರಿಲ್ಲ. ರೊಟ್ಟಿಯಂಗಡಿಯವನ ತಕ್ಕಡಿಯನ್ನು ತಾನೇ ಎತ್ತಿ ನೋಡುವವಳು. ಪೂಜೆಗೆ ತಡವಾಗಿ ಬಂದ ಪಾದ್ರಿಯನ್ನು ಇಗರ್ಜಿಯ ಬಾಗಿಲಲ್ಲೇ ತಡೆದು ಕಾರಣ ಕೇಳಿದವಳು. ಆದರೆ ಆಕೆಯ ಬಾಳಿನಲ್ಲಿ ನಿಜವಾಗಿ ಕೋಪಕ್ಕೆ ತಕ್ಕ ಅನ್ಯಾಯ ನಡೆದ ದಿನ ಆಕೆ ದನಿಯನ್ನೇ ಎತ್ತಲಿಲ್ಲವೆಂಬುದನ್ನು ಹೇಳುವವರು ಕಡಿಮೆ. ಹೇಳಬೇಕಾದ ಕಡೆ ಸುಮ್ಮನಿರುವುದು ಅನ್ಯಾಯಕ್ಕೆ ಹೆಗಲು ಕೊಟ್ಟಂತೆ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಆಕೆ ಹುಟ್ಟಿದ್ದು ಆಡು ಮೇಯಿಸುವವರ ಮನೆಯಲ್ಲಿ. ಎಣ್ಣೆಯ ಬಾವಿಗಳು ಬಂದು ಮೇವಿನ ನೆಲಕ್ಕೆ ಬೇಲಿ ಬಿದ್ದ ಮೇಲೆ ಫಿರಂಗಿ ಕಟ್ಟುವ ಕೆಲಸಕ್ಕೆ ಸೇರಿದಳು. ಬಾವಿಯ ಆಳಕ್ಕಿಳಿದು, ಅದರ ಕಬ್ಬಿಣದ ಕೊಳವೆಯನ್ನೂ ಆಚೆಯ ಬಂಡೆಯನ್ನೂ ತೂತು ಮಾಡುವ ಸಿಡಿಮದ್ದು ತುಂಬಿದ ಉಕ್ಕಿನ ನಳಿಗೆಗಳಿಗೆ ಇಲ್ಲಿ ಫಿರಂಗಿಯೆಂದೇ ಹೆಸರು. ಒಂದರ ಬಾಲಕ್ಕೆ ಮತ್ತೊಂದನ್ನು ಜೋಡಿಸಿ ಸರವಾಗಿ ಇಳಿಸುತ್ತಾರೆ. ಒಂದೊಂದರೊಳಗೂ ಒಂದು ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚು. ಒಂದೊಂದು ಸ್ವಿಚ್ಚಿಗೂ ಹೆಸರಿನಂತೆ ತನ್ನದೇ ಆದ ಅಂಕಿ. ಮೇಲೆ ಲಾರಿಯಲ್ಲಿ ಕುಳಿತ ಇಂಜಿನಿಯರು ಪ್ಯಾನೆಲ್ಲಿನಿಂದ ಆ ಅಂಕಿಯನ್ನು ಕರೆದರೆ ಅದೊಂದೇ ಓಗೊಡುತ್ತದೆ; ಸಿಡಿಯೆಂದರೆ ಅದೊಂದೇ ಸಿಡಿಯುತ್ತದೆ.

ಆದರೆ ಅದಕ್ಕೆ ಮುನ್ನ, ಬಾವಿಯ ಬಾಯಲ್ಲಿ ತೂಗುತ್ತಿರುವ ಆ ಸರವನ್ನು ಲಾರಿಯ ಕೇಬಲ್ಲಿಗೆ ಯಾರಾದರೊಬ್ಬರು ಕೈಯಾರೆ ಕೂಡಿಸಬೇಕು. ಇಪ್ಪತ್ತು ವರ್ಷಗಳಿಂದ ಸುಲೇಮಾ ಮಾಡುತ್ತಿದ್ದುದು ಈ ಕೆಲಸವನ್ನು. ಕೂಡಿಸುವವರ ಬಳಿ ಪ್ಯಾನೆಲ್ಲಿನ ಕೀಲಿ ಇರಬೇಕೆಂಬುದು ಈ ಕಸುಬಿನ ಕಟ್ಟಳೆ. ಕೀಲಿ ಒಂದೇ; ಅದಿಲ್ಲದೆ ಪ್ಯಾನೆಲ್ಲಿಗೆ ಜೀವ ಬಾರದು. ಕೈ ಮದ್ದಿನ ಮೇಲಿರುವಷ್ಟು ಹೊತ್ತು ಪ್ರಾಣವನ್ನು ಅವರವರ ವಶಕ್ಕೇ ಒಪ್ಪಿಸಿಕೊಡುವ ಪ್ರಮಾಣ ಅದು. ಸುಲೇಮಾ ಅದನ್ನು ಮದ್ದಿನವರ ಕುಲದೇವತೆಯಾದ ಸಂತ ಬಾರ್ಬರಳ ಪದಕದೊಡನೆ ಒಂದೇ ದಾರಕ್ಕೆ ಪೋಣಿಸಿ ಕೊರಳಲ್ಲಿ ಧರಿಸುತ್ತಿದ್ದಳು.

ಗಾಳಿ ತುಸು ತಗ್ಗಿದ ಒಂದು ಮಧ್ಯಾಹ್ನ. ಕ್ರೇನಿನಲ್ಲಿ ಲೆದೆಸ್ಮಾ; ಊರಿಗೆಲ್ಲ ಅವನು ಡುಮ್ಮ. ಸುಲೇಮಾ ಎಲ್ಲರಿಗೂ ದೋನ್ಯಾ, ಅಂದರೆ ಅಮ್ಮಾವ್ರು.

"ಡುಮ್ಮಾ, ಇನ್ನೊಂದು ಗೇಣು ಇಳಿಸೋ. ಗೇಣು ಅಂದೆ, ನಿನ್ನ ಹೊಟ್ಟೆ ಅಳತೆ ಅಲ್ಲ!"

"ಹೊಟ್ಟೆ ಸುದ್ದಿಗೆ ಬರ್ಬೇಡಿ ದೋನ್ಯಾ. ಅದ್ರೊಳಗಿರೋದೆಲ್ಲಾ ನೀವು ಕರಿದುಕೊಟ್ಟ ರೊಟ್ಟಿನೇ."

ಸರ ಇಳಿಯಿತು. ಸುಲೇಮಾ ಕೊನೆಯ ತಂತಿಯನ್ನು ಕೂಡಿಸಿ, ಅದರ ಮೇಲೆ ಮುಚ್ಚಳವನ್ನು ತಿರುಗಿಸತೊಡಗಿದಳು. ಆಗ ಲಾರಿಯ ಬಾಗಿಲಿನಿಂದ ಇಂಜಿನಿಯರು ಬಸ್ಸಾನೊ ತಲೆ ಹೊರಗೆ ಹಾಕಿ ಹರ್ಷದಿಂದ ಕೂಗಿದ:

"ಭೇಷ್ ದೋನ್ಯಾ ಸುಲೇಮಾ! ಎಲ್ಲಾ ಸ್ವಿಚ್ಚೂ ಓಗೊಡ್ತಿವೆ! ಒಂದೂ ಸತ್ತಿಲ್ಲ!"

ಡುಮ್ಮ ಶಿಳ್ಳೆ ಹಾಕಿದ. ಸುಲೇಮಾಳ ಕೈ ನಿಂತಿತು. ಸ್ವಿಚ್ಚುಗಳು ಓಗೊಡಬೇಕಾದರೆ ಯಾರೋ ಕರೆದಿರಬೇಕು. ಕರೆಯಬೇಕಾದರೆ ಪ್ಯಾನೆಲ್ಲಿಗೆ ಜೀವ ಬಂದಿರಬೇಕು. ಪ್ಯಾನೆಲ್ಲಿನ ಕೀಲಿಯೋ ತನ್ನ ಎದೆಯ ಮೇಲೆ ತಣ್ಣಗೆ ತಾಗುತ್ತಿದೆ!

ಆಕೆ ತಂತಿಯನ್ನು ಬಿಡಿಸಿ ಲಾರಿಯತ್ತ ನಡೆದಳು. ಪ್ಯಾನೆಲ್ಲಿನಲ್ಲಿ ಹೊಳೆಯುವ ಹೊಸ ಕೀಲಿಯೊಂದು ನೆಟ್ಟಿತ್ತು.

"ಇದೆಲ್ಲಿಂದ ಬಂತು?"

"ಆಫೀಸಿನವರೇ ಮಾಡ್ಸಿ ಕೊಟ್ರು. ಎಲ್ಲಾ ಲಾರಿಗೂ. ನೀವು ಕೂಡ್ಸೋ ಹೊತ್ತಿಗೇ ಪರೀಕ್ಷೆ ಮುಗಿಸ್ಕೊಂಡ್ರೆ ಟೈಮ್ ಉಳಿಯುತ್ತೆ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಒಪ್ತಿದ್ರಾ?" ಬಸ್ಸಾನೊ ನಗಲು ನೋಡಿದ. "ಇವು ಹಳೇ ಕಾಲದ ಸ್ವಿಚ್ಚಲ್ಲ ದೋನ್ಯಾ. ಸುಮ್ನೆ ಕರೆಯೋದಕ್ಕೆ ಬಿಡೋ ಕರೆಂಟಿಗೆ ನೊಣಾನೂ ಸಾಯಲ್ಲ."

ಅವನ ಮಾತು ಸುಳ್ಳಲ್ಲ. ಆ ಸ್ವಿಚ್ಚು ಜಾಣ ವಸ್ತುವೆಂಬುದನ್ನು ಸುಲೇಮಾ ಬಲ್ಲಳು. ಆದರೆ ಯಂತ್ರ ನಂಬಿಕೆಗೆ ಅರ್ಹವಾದಷ್ಟೂ ಮನುಷ್ಯ ನಂಬಿಕೆದ್ರೋಹಿಯಾಗಬಹುದೆಂದು ಯಾವ ಧರ್ಮ ಹೇಳಿದೆ? ಕೊಟ್ಟ ಮಾತನ್ನು ಮುಖದೆದುರು ಮುರಿಯುವವನಲ್ಲಿ ಅಷ್ಟರಮಟ್ಟಿನ ಸತ್ಯವಾದರೂ ಉಂಟು. ಇವರು ಮಾತನ್ನು ಆಕೆಯ ಕೊರಳಿನಲ್ಲಿ ತೂಗಲು ಬಿಟ್ಟು, ಅದರ ತಿರುಳನ್ನು ಕದ್ದರು. ಎಷ್ಟು ದಿನದಿಂದ ಕದಿಯುತ್ತಿದ್ದರೋ! ಎಷ್ಟು ಬಾವಿಗಳ ಬಾಯಲ್ಲಿ ಆಕೆ ಬರಿಯ ಲೋಹದ ತುಣುಕೊಂದನ್ನು ತನ್ನ ಪ್ರಾಣವೆಂದು ನಂಬಿ ನಿಂತಿದ್ದಳೋ!

ಕೆಲಸ ನಿಂತದ್ದು ಕಂಡು ಬಾವಿಯ ಮೇಲ್ವಿಚಾರಕ ಇತುರಾಲ್ದೆ ಧಾವಿಸಿದ.

"ಏನ್ ದೋನ್ಯಾ, ಎಲ್ಲಾ ಪಂಪು ನಿಲ್ಸಿಕೊಂಡು ಕೂತಿದೀವಿ. ಹರಟೆಗೆ ಇದೇ ಹೊತ್ತಾ? ನಿಮ್ಮಿಂದಾಗ್ದಿದ್ರೆ ಹೇಳಿ, ಬೇರೆಯವ್ರನ್ನ ಕರೆಸ್ತೀನಿ."

"ಕರೆಸಿ. ಅವ್ರಿಗೂ ಕೀಲಿ ಎರಡಿದೆ ಅಂತ ಮೊದ್ಲೇ ಹೇಳಿ ಕರೆಸಿ."

ಮೇಲ್ವಿಚಾರಕ ಡುಮ್ಮನ ಕಡೆ ತಿರುಗಿದ. ಡುಮ್ಮ ಕ್ರೇನಿನ ಇಂಜಿನ್ ಆರಿಸಿ, ಏದುಸಿರು ಬಿಡುತ್ತ ಇಳಿದುಬಂದ. "ನನ್ನ್ಯಾಕೆ ನೋಡ್ತೀರಿ ಸ್ವಾಮಿ? ಆ ಸರ ತೂಗ್ತಿರೋದು ನನ್ ತಲೆ ಮುಂದೇನೇ. ಎರಡು ಕೀಲಿ ಸುದ್ದಿ ನನಗೂ ಈಗ್ಲೇ ಗೊತ್ತಾಗಿದ್ದು."

ಕೊನೆಗೆ ಇತುರಾಲ್ದೆ ಹಲ್ಲು ಕಚ್ಚಿ ಅಂದ: "ಕೊಟ್ಬಿಡಯ್ಯಾ ಆ ಕೀಲಿನ."

ಬಸ್ಸಾನೊ ಕೀಲಿಯನ್ನು ಕಿತ್ತು ನೀಡಿದ. ಸುಲೇಮಾ ಅದನ್ನು ತೆಗೆದುಕೊಳ್ಳಲಿಲ್ಲ.

"ನಿಮ್ ಜೇಬಲ್ಲೇ ಇಟ್ಕೊಳಿ ಇಂಜಿನಿಯರ್ರೇ. ಜೇಬಿನ ಸಮೇತ ನನ್ ಜೊತೆ ಬನ್ನಿ. ನಾನು ಕೂಡ್ಸಿ ಮುಗಿಸೋವರ್ಗೂ ಫಿರಂಗಿ ಮೇಲೆ ಕೈಯಿಟ್ಟು ನಿಂತಿರಿ."

"ಅಲ್ಲಿ ಒಬ್ರಿಗಿಂತ ಹೆಚ್ಚು ಇರ್ಬಾರ್ದು ಅಂತ ನಿಯಮ ಇದೆ ದೋನ್ಯಾ..."

"ಹೌದಾ? ನಿಯಮದ ನೆನಪು ಈಗ ಬಂತಾ?"

ಡುಮ್ಮ ಮತ್ತೆ ಕ್ರೇನು ಹತ್ತಿದ. ಬಸ್ಸಾನೊ ಬಂದು ನಿಂತ. ಉಕ್ಕಿನ ಮೇಲೆ ಅಂಗೈಯಿಟ್ಟ. ಸುಲೇಮಾ ತಂತಿಯ ತುದಿಯನ್ನು ಒರೆಸಿದಳು. ಆಗ ಅವನ ಹಣೆಯ ಮೇಲೆ ಬೆವರು ಮೂಡಿತು. ಪಟಗುಟ್ಟುತ್ತಿದ್ದ ಲಾರಿಯ ಬಾಗಿಲನ್ನೇ ನೋಡುತ್ತಿದ್ದವನು, ತಡೆಯಲಾರದೆ ಕೂಗಿದ:

"ಇತುರಾಲ್ದೆ ಸಾಹೇಬ್ರೇ! ಮೂರನೇ ಕೀಲಿ ಏನಾದ್ರೂ ಇದೆಯಾ? ಲಾರಿ ಒಳಗೆ ಯಾರಿದ್ರೂ ಆಚೆ ಬನ್ನಿ! ಎಲ್ರೂ ಆಚೆ ಬನ್ನಿ!"

ನೊಣವೂ ಸಾಯದ ಕರೆಂಟು! ಇಬ್ಬರು ಸಹಾಯಕರು ಲಾರಿಯಿಂದಿಳಿದು ಕೈಯೆತ್ತಿ ನಿಂತರು. ಸುಲೇಮಾ ಅವನ ಮುಖವನ್ನೊಮ್ಮೆ ನೋಡಿ, ತಂತಿಯನ್ನು ಕೂಡಿಸಿ, ಮುಚ್ಚಳ ಬಿಗಿದಳು. ಸರ ಇಳಿಯಿತು, ಆಳದಲ್ಲಿ ಒಂದೊಂದಾಗಿ ಸಿಡಿಯಿತು. ಕೆಲಸದಲ್ಲಿ ಯಾವ ಕೊರತೆಯೂ ಆಗಲಿಲ್ಲ.

ಆದರೂ ಮುಂದಿನ ವಾರ ಆಕೆಯನ್ನು ಬಾವಿಯ ಕೆಲಸದಿಂದ ತೆಗೆದು ಫಿರಂಗಿ ಕಟ್ಟುವ ಕಾರ್ಖಾನೆಯೊಳಗೆ ಕೂರಿಸಿದರು. ವಯಸ್ಸಾಯಿತಂತೆ, ಗಾಳಿ ಒಗ್ಗದಂತೆ! ಎರಡನೆಯ ಕೀಲಿ ಮಾಡಿಸಿದವರಿಗೆ ಏನೂ ಆಗಲಿಲ್ಲ. ಬೇರೆ ಲಾರಿಗಳಿಗೆ ಹಂಚಿದ ಕೀಲಿಗಳನ್ನು ಮರಳಿ ಕೇಳಿದ ಸುದ್ದಿಯೂ ಇಲ್ಲ. ತಪ್ಪು ಮಾಡಿದವರು ನೆರಳಿನಲ್ಲಿ, ತಪ್ಪನ್ನು ತೋರಿಸಿದವಳು ಮೂಲೆಯಲ್ಲಿ. ಇದನ್ನು ವ್ಯವಸ್ಥೆಯೆಂದು ಕರೆಯುವ ನಾಲಗೆಗೆ ನಾಚಿಕೆಯಾಗಬೇಕು.

ಕೀಲಿಗಳು ಮರಳಿ ಬಾರದಿದ್ದುದರಿಂದಲೇ ಬಾವಿಯವರು ತಮ್ಮಷ್ಟಕ್ಕೆ ಒಂದು ದಾರಿ ಹಿಡಿದರು. ಯಾರೂ ಅದನ್ನು ಸಾರಲಿಲ್ಲ. ಡುಮ್ಮನೇ ಬಾಯಿಂದ ಬಾಯಿಗೆ ದಾಟಿಸಿರಬೇಕು. ಈಗ ಅನ್ಯೇಲೊ ಸುತ್ತಿನ ಬಾವಿಗಳಲ್ಲಿ ಕೊನೆಯ ತಂತಿ ಕೂಡಿಸುವ ಕೆಲಸಗಾರ ಮೊದಲು ಲಾರಿಯತ್ತ ಕೈಬೀಸುತ್ತಾನೆ. ಒಳಗಿದ್ದವರೆಲ್ಲ ಇಳಿಯುತ್ತಾರೆ. ಇಂಜಿನಿಯರು ಗೊಣಗುತ್ತ ನಡೆದುಬಂದು, ದೂಳಿಗೆ ಕಣ್ಣು ಕಿರಿದು ಮಾಡಿ, ಫಿರಂಗಿಯ ಮೇಲೆ ಅಂಗೈಯಿಡುತ್ತಾನೆ. ಅನಂತರವೇ ಕೆಲಸಗಾರ ತಂತಿಯನ್ನು ಮುಟ್ಟುತ್ತಾನೆ.