ಮಂಜುಗಡ್ಡೆಗೆ ಇಟ್ಟ ಕುಂಕುಮ

ನೀರನ್ನು ಸೃಷ್ಟಿಸಿದವನಿಗೆ, ಅದನ್ನು ಶೈತ್ಯದಲ್ಲಿ ಹಿಡಿದಿಟ್ಟು ಬಿಸಿಲಿನಲ್ಲಿ ಬಿಟ್ಟುಕೊಡುವವನಿಗೆ ಮೊದಲು ನನ್ನ ನಮಸ್ಕಾರ. ಎಪ್ಪತ್ತೆಂಟು ಬೇಸಿಗೆಗಳನ್ನು ಕಂಡ ಈ ದೇಹವನ್ನು ಮರಳುಗಾಡಿನ ಒಂದು ಊರಿನಲ್ಲಿ, ಹನ್ನೊಂದನೆಯ ಅಂತಸ್ತಿನಲ್ಲಿ ಕೂರಿಸಿ, ಭೂಮಿಯ ದಕ್ಷಿಣದ ಕೊನೆಯಲ್ಲಿ ಹರಿಯುವ ನೀರಿನ ಕಥೆಯನ್ನು ಕೇಳಿಸಿದವನೂ ಅವನೇ. ಆ ಅನುಗ್ರಹವನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ಕಥೆಯನ್ನು ಹೇಳಿದವಳು ನನ್ನ ಸೊಸೆ. ಅವಳು ಹುಟ್ಟಿ ಬೆಳೆದದ್ದು ಅಬುಧಾಬಿಯಲ್ಲಿ. ಈಗಲೂ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ. ನಮ್ಮ ಮನೆ ದುಬೈಯ ಸಿಲಿಕಾನ್ ಓಯಸಿಸ್‌ನಲ್ಲಿ. ದಿನವೂ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ, ಉಪಗ್ರಹಗಳು ತೆಗೆದ ಅಂಟಾರ್ಕ್ಟಿಕಾದ ಚಿತ್ರಗಳನ್ನು ನೋಡಿ, ಹಿಮದ ಮೇಲೆ ಕರಗಿದ ನೀರು ಎಲ್ಲಿ ನಿಂತಿದೆ, ಎತ್ತ ಸರಿದಿದೆ ಎಂದು ಗುರುತು ಹಾಕುವುದು ಅವಳ ಉದ್ಯೋಗ. ನಾನು ಮೈಸೂರಿನ ಪಾಠಶಾಲೆಯೊಂದರಲ್ಲಿ ನಲವತ್ತು ವರ್ಷ ಸಂಸ್ಕೃತ ಹೇಳಿಕೊಟ್ಟು, ಪತ್ನಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವನು.

ನಮ್ಮಿಬ್ಬರ ನಡುವೆ ಒಂದು ಅಂತರವಿತ್ತು. ಅದಕ್ಕೆ ಕಾರಣ ನಾನೇ. ಮದುವೆಯಾದ ವರ್ಷ ಗೌರಿಹಬ್ಬದ ಊಟದ ಪಂಕ್ತಿಯಲ್ಲಿ ಅವಳು ಉತ್ಸಾಹದಿಂದ ಏನೋ ಹೇಳುತ್ತಿದ್ದಳು, ಕನ್ನಡದಲ್ಲಿ. ಮೇಷ್ಟ್ರ ಹಳೆಯ ಚಟ. ನಾನು ಮೂರು ಬಾರಿ ಅವಳನ್ನು ತಡೆದು ತಿದ್ದಿದೆ. ಮೂರನೆಯ ಸಲ ನಕ್ಕೂಬಿಟ್ಟೆ. ನಾನು ನಕ್ಕದ್ದರಿಂದ ಪಂಕ್ತಿಯೆಲ್ಲ ನಕ್ಕಿತು. ಅವಳೂ ನಕ್ಕು, ಎಲ್ಲರಿಗೂ ಇನ್ನೊಂದು ಸುತ್ತು ಪಾಯಸ ಬಡಿಸಿದಳು. ಅಂದಿನಿಂದ ನನ್ನೊಡನೆ ಅವಳ ಮಾತು ಇಂಗ್ಲಿಷಿನಲ್ಲಿ ಮಾತ್ರ. ಸೌಜನ್ಯಕ್ಕೆ ಎಂದೂ ಕೊರತೆಯಾಗಲಿಲ್ಲ. ಬೆಳಗಿನ ಕಾಫಿ, ಬಿ.ಪಿ. ಮಾತ್ರೆ, ಏಕಾದಶಿಯ ಫಲಾಹಾರ ಎಲ್ಲವೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಆದರೆ ಆರು ವರ್ಷ ಅವಳ ಬಾಯಿಂದ ‘ಮಾವ’ ಎಂಬ ಮಾತನ್ನು ನಾನು ಕೇಳಲಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಯಾವ ಭಾಷೆಯಲ್ಲಿ ಕೇಳಬೇಕೆಂದೇ ತೋಚಲಿಲ್ಲ.

ನಮ್ಮ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಕಳೆದ ಚಳಿಗಾಲದಲ್ಲಿ, ತಂದೆತಾಯಿಯರಲ್ಲಿ ಯಾರಾದರೂ ಬಂದು ತಮ್ಮ ಕೆಲಸದ ವಿಷಯವನ್ನು ಕನ್ನಡದಲ್ಲಿ ಹೇಳಬೇಕೆಂದು ಕೋರಿದರು. ಮಕ್ಕಳಿಲ್ಲದ ನನ್ನ ಸೊಸೆ ತಾನಾಗಿ ಹೆಸರು ಕೊಟ್ಟುಬಂದಳು. ಮರುದಿನ ಸಂಜೆ ಒಂದು ಹಾಳೆ ಹಿಡಿದು ನನ್ನೆದುರು ಕುಳಿತು, ಕೆಲವು ಮಾತುಗಳಿಗೆ ಕನ್ನಡ ಬೇಕೆಂದು ಇಂಗ್ಲಿಷಿನಲ್ಲಿ ಕೇಳಿದಳು.

ನೆಲದ ಹಿಮ ಜಾರಿಬಂದು, ಕಡಲ ಮೇಲೆ ಚಾಚಿ, ನೆಲಕ್ಕೆ ಅಂಟಿಕೊಂಡೇ ತೇಲುತ್ತಿರುತ್ತದೆಯಂತೆ. ಅದಕ್ಕೆ ನಾನು ‘ಹಿಮಫಲಕ’ ಎಂದೆ. ಅವಳು ಮುಖ ನೋಡಿದಳು. ‘ತೇಲುವ ಹಿಮದ ಹಾಸು’ ಎಂದೆ, ಬರೆದುಕೊಂಡಳು. ಬೇಸಿಗೆಯಲ್ಲಿ ಅದರ ಮೇಲ್ಮೈ ಕರಗುತ್ತದೆ. ಮೊದಮೊದಲು ಆ ನೀರನ್ನು ಹಳೆಯ ಹಿಮವೇ ಹೀರಿಕೊಳ್ಳುತ್ತದೆ, ಅದರೊಳಗೆ ಗಾಳಿಯ ಸಂದುಗಳಿರುವುದರಿಂದ. ಆ ಸಂದುಗಳು ತುಂಬಿ ಹೆಪ್ಪುಗಟ್ಟಿದ ಮೇಲೆ ನೀರಿಗೆ ಇಳಿಯಲು ಎಡೆಯಿಲ್ಲ. ತಗ್ಗುಗಳಲ್ಲಿ ಕೊಳವಾಗಿ ನಿಲ್ಲುತ್ತದೆ. ಒಂದು ಕೊಳ ತುಂಬಿದರೆ ಉಕ್ಕಿ ಮುಂದಿನದಕ್ಕೆ ಹರಿಯುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಹೀಗೆ ಬಹುದೂರ ನಡೆದು ಹಾಸಿನ ಅಂಚಿನಿಂದ ಸಮುದ್ರಕ್ಕೆ ಬೀಳುವುದುಂಟು. ಬಿರುಕು ಸಿಕ್ಕಿದರೆ ಮಾತ್ರ ಸೀದಾ ಒಳಗಿಳಿದು ಹಾಸನ್ನೇ ಸೀಳಬಹುದು.

ಇದನ್ನೆಲ್ಲ ಮಂಜುಗಡ್ಡೆಯಲ್ಲೇ ಮಾಡಿ ತೋರಿಸಬೇಕೆಂಬುದು ಅವಳ ಆಸೆ. ಅಭ್ಯಾಸ ಮಾಡುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಡವರಿಸಿ, ನಿಂತು, ಮತ್ತೆ ಮೊದಲಿಂದ ಆರಂಭಿಸುವ ಆ ದನಿ ನನಗೆ ಹೊರಗೆ ಕೇಳಿಸುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಮಗನೊಡನೆ ರಾಸ್ ಅಲ್ ಖೋರ್‌ನ ಐಸ್ ಕಾರ್ಖಾನೆಗೆ ಹೋದೆ. ಗಡ್ಡೆ ಕಡಿಯುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಕ್ರೈಸ್ತರು, ಕೊರಳಲ್ಲಿ ಪುಟ್ಟ ಶಿಲುಬೆ. ನನ್ನ ಪಂಚೆ, ವಿಭೂತಿಗಳನ್ನು ಮೇಲಿಂದ ಕೆಳಗೆ ನೋಡಿದರು.

“ಎಂತ ಸ್ವಾಮಿ, ಮೀನಿಗಾ?”

ಮಗ ಕಿಸಕ್ಕನೆ ನಕ್ಕ. “ಮೀನಿಗಲ್ಲಪ್ಪ, ಪಾಠಕ್ಕೆ” ಎಂದೆ.

“ಐಸಲ್ಲಿ ಪಾಠವಾ! ನಮಗೆ ಬೆತ್ತದಲ್ಲಿ ಮಾಡಿದ್ದು ಮಾರಾಯ್ರೆ. ಅದಕ್ಕೇ ಈಗ ಇಲ್ಲಿ ಐಸ್ ಕಡಿಯುವುದು.”

ನಾಲ್ಕು ಗಡ್ಡೆಗಳನ್ನು ಹೊರಳಿಸಿ ನೋಡಿ ಒಂದನ್ನು ಆರಿಸಿ, ಹಲಗೆಯಂತೆ ಕೊಯ್ದು, ಅಂಗೈಯಿಂದ ಸವರಿದರು. “ಇಲ್ಲಿ ಕೂದಲಿನಷ್ಟು ಒಂದು ಸೀಳುಂಟು. ಸುಮ್ಮನೆ ಬಿಟ್ಟರೆ ಎಂತ ಆಗುದಿಲ್ಲ. ಪಾಠ ಚಂದ ಆಗ್ಲಿ, ನಾನೂ ದೇವರ ಹತ್ರ ಹೇಳ್ತೇನೆ. ಯಲ್ಲಾ, ಬೇಗ ಹೊರಡಿ, ಕರಗ್ತದೆ.”

ಸಂಜೆ ಸೊಸೆ ಬಿಸಿನೀರು ತುಂಬಿದ ಸ್ಟೀಲ್ ಲೋಟಗಳನ್ನು ಆ ಹಲಗೆಯ ಮೇಲೆ ಒತ್ತಿ ಮೂರು ತಗ್ಗುಗಳನ್ನು ಮಾಡಿದಳು. ಬಿಸಿ ಚಮಚದಿಂದ ನಡುವೆ ಕಾಲುವೆಗಳನ್ನು ಎಳೆದಳು. ಹಲಗೆಯನ್ನು ಗೋಣಿ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟೆವು.

ಮರುದಿನ ಕೆಳಗಿನ ಹಾಲ್‌ನಲ್ಲಿ ಅದನ್ನು ದೊಡ್ಡ ತಟ್ಟೆಯೊಂದರಲ್ಲಿ ಓರೆಯಾಗಿ ನಿಲ್ಲಿಸಿ, ಮೇಲೆ ತುರಿದ ಐಸನ್ನು ಹಿಮದಂತೆ ಹರಡಿ, ಸೂರ್ಯನ ಬದಲು ಒಂದು ಪ್ರಖರವಾದ ದೀಪವನ್ನು ಹೊಂದಿಸಿದಳು. ಬಂದವರನ್ನು ಸ್ವಾಗತಿಸಲು ಅವಳು ಬಾಗಿಲ ಕಡೆ ಹೋದಾಗ ನಾನು ನನ್ನ ಕೆಲಸ ಮಾಡಿದೆ. ಹೊಸ ಪುಸ್ತಕಕ್ಕೆ, ಹೊಸ ಕಾರಿಗೆ, ಹೊಸ ಫ್ರಿಜ್ಜಿಗೆ ಕುಂಕುಮವಿಡದೆ ನಮ್ಮ ಮನೆಯಲ್ಲಿ ಯಾವುದೂ ಆರಂಭವಾದದ್ದಿಲ್ಲ. ಹೆಪ್ಪುಗಟ್ಟಿದರೂ ಅದು ಗಂಗೆಯಲ್ಲವೇ? ಚೀಲದಿಂದ ಭರಣಿ ತೆಗೆದು, ಸೊಸೆಗೆ ಒಳ್ಳೆಯದಾಗಲೆಂದು ಬೇಡಿಕೊಂಡು, ಮೇಲಿನ ತಗ್ಗಿನ ಅಂಚಿಗೆ ಧಾರಾಳವಾಗಿಯೇ ಇಟ್ಟೆ. ಸೀಳಿನ ನೆನಪು ನನಗಾಗಲಿಲ್ಲ.

ಅವಳು ಹಾಳೆ ನೋಡುತ್ತ ಆರಂಭಿಸಿದಳು. ತುರಿದ ಐಸು ಮೊದಲ ನೀರನ್ನು ಹೀರಿತು, ಅವಳು ಹೇಳಿದಂತೆಯೇ. ಮೊದಲ ಕೊಳ ತುಂಬತೊಡಗಿತು. ಮಕ್ಕಳು ಮುಂದಕ್ಕೆ ಬಾಗಿದರು. ಅವಳ ದನಿ ಗಟ್ಟಿಯಾಗುತ್ತಿತ್ತು. ಇನ್ನೇನು ಕಾಲುವೆಗೆ ಉಕ್ಕಬೇಕು, ನೀರು ಇಳಿಯಲಾರಂಭಿಸಿತು. ಕುಂಕುಮವಿದ್ದ ಕಡೆ ಆಳವಾದೊಂದು ಗುಳಿ ಬಿದ್ದಿತ್ತು. ಕೊಳದ ನೀರೆಲ್ಲ ಕೆಂಪಾಗಿ ಅದರೊಳಗೆ ಸರಿಯಿತು. ಟಣ್ಣೆಂದು ಸದ್ದಾಗಿ ಹಲಗೆ ಎರಡಾಯಿತು.

“ಖಲಾಸ್!” ಎಂದು ಒಂದು ಮಗು ಕೂಗಿತು. ಎಲ್ಲರೂ ನಕ್ಕರು.

ಅದೇ ಪಂಕ್ತಿಯ ನಗು. ಸೊಸೆ ಹಾಳೆಯನ್ನು ಮಡಿಸಿದಳು. ಮುಂದಿನ ಸಾಲಿನ ತಾಯಿಯೊಬ್ಬರು ಅನುಕಂಪದಿಂದಲೇ ಹೇಳಿದರು: “ಪರವಾಗಿಲ್ಲ ಮೇಡಂ, ಇಂಗ್ಲಿಷಲ್ಲೇ ಹೇಳ್ಬಿಡಿ. ಮಕ್ಳಿಗೂ ಈಸಿ.” ಸೊಸೆ ಆಗಲೆಂದು ತಲೆಯಾಡಿಸಿದಳು. ಅವಳು ಇಂಗ್ಲಿಷಿಗೆ ಹೊರಳಿದರೆ ಮತ್ತೆಂದೂ ಕನ್ನಡಕ್ಕೆ ಮರಳುವುದಿಲ್ಲವೆಂದು ನನಗೆ ಖಚಿತವಾಯಿತು.

ಮಂಡಿ ಹಿಡಿದುಕೊಂಡು ಎದ್ದು ನಿಂತೆ. “ತಪ್ಪು ಅವಳದಲ್ಲ. ಕುಂಕುಮ ಇಟ್ಟವನು ನಾನು. ಇದೊಂದೇ ಅಲ್ಲ, ಹಿಂದೆ ನಗಬಾರದ ಕಡೆ ನಕ್ಕವನೂ ನಾನೇ.” ಎರಡನೆಯ ಮಾತು ಬೇರೆಯವರಿಗೆ ಅರ್ಥವಾಗಿರಲಾರದು. ಅವಳು ನನ್ನತ್ತ ನೋಡಿದಳು. “ನೀನು ಅಷ್ಟು ಚೆನ್ನಾಗಿ ದಾರಿ ಮಾಡಿಕೊಟ್ಟಿದ್ದೆ ಮಗಳೇ. ಅದನ್ನ ಬಿಟ್ಟು ನೀರು ಇಲ್ಯಾಕೆ ಇಳೀತು? ನಂಗೆ ತಿಳೀಲಿಲ್ಲ, ಹೇಳ್ಕೊಡು.”

ಅವಳು ಹಾಳೆಯನ್ನು ಬಿಚ್ಚಲಿಲ್ಲ. ಕೆಂಪಾದ ಗುಳಿಗೆ ಬೆರಳಿಟ್ಟಳು.

“ಮಾವ... ಬಿಳೀ ಹಿಮ ಬೆಳಕನ್ನ ವಾಪಸ್ ಕಳಿಸತ್ತೆ. ನೀವಿಟ್ಟ ಕುಂಕುಮ ಡಾರ್ಕ್ ಅಲ್ವಾ, ಅದು ಬೆಳಕನ್ನ ಕುಡಿಯತ್ತೆ. ಕುಡಿದು ಬಿಸಿ ಆಗಿ, ಅಡಿಯಲ್ಲಿರೋ ಐಸ್‌ನ ಕರಗಿಸತ್ತೆ. ಅಂಟಾರ್ಕ್ಟಿಕಾದಲ್ಲೂ ಗಾಳಿ ಧೂಳು ತಂದು ಹಾಕತ್ತೆ, ಹಿಂಗೇ ಆಗತ್ತೆ. ಆಮೇಲೆ ಬಿರುಕು ಸಿಕ್ತು. ನೀರು ಐಸಿಗಿಂತ ಭಾರ. ಬಿರುಕಲ್ಲಿ ತುಂಬಿ, ಒಳಗಿಂದ ತಳ್ಳತ್ತೆ.”

“ಹಂಗಾದ್ರೆ ತಾತ ಅಂಟಾರ್ಕ್ಟಿಕಾ ಒಡೆದ್ರಾ?” ಎಂದಳು ಒಬ್ಬ ಹುಡುಗಿ.

“ಹೌದು, ನಮ್ಮ ಮಾವನೇ ಒಡೆದಿದ್ದು!” ಎಂದು ಸೊಸೆ ನಕ್ಕಳು. ಆ ಬಳಿಕ ಅರ್ಧ ಗಂಟೆ ಮಾತಾಡಿದಳು, ಒಡೆದ ಎರಡು ತುಂಡುಗಳನ್ನೇ ಹಿಡಿದು. ನಡುವೆ ಒಂದೆರಡು ಕಡೆ ತಿದ್ದುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಭಗವಂತ ಅದನ್ನು ಅಲ್ಲಿಯೇ ನಿಲ್ಲಿಸಿದ.

ಲಿಫ್ಟಿನಲ್ಲಿ ಅವಳು ಕೈಚಾಚಿದಳು. “ಮಾವ, ಕುಂಕುಮದ ಭರಣಿ ಇನ್ಮೇಲೆ ನನ್ನ ಹತ್ರ ಇರ್ಲಿ.” ಕೊಟ್ಟೆ. ತಟ್ಟೆಯ ಕೆಂಪು ನೀರನ್ನು ನಾನು ಬಾಟಲಿಗೆ ತುಂಬಿಸಿಕೊಂಡಿದ್ದೆ. ಬಾಲ್ಕನಿಯ ತುಳಸಿಗೆ ಎರೆದೆವು, ಇಬ್ಬರೂ.

ಗಡ್ಡೆಯನ್ನು ಆರಿಸಿಕೊಟ್ಟು ನಮಗಾಗಿ ಪ್ರಾರ್ಥಿಸಿದ ಆ ಮಹನೀಯರ ಕೈಗಳು ಚಳಿಗೆ ಸೆಟೆಯದಿರಲಿ. ಭಾರ ಹೊತ್ತ ನನ್ನ ಮಗನಿಗೆ, ಕನಿಕರಪಟ್ಟ ಆ ತಾಯಿಗೆ, ನಕ್ಕ ಮಕ್ಕಳಿಗೆ, ಪ್ರಶ್ನೆ ಕೇಳಿದ ಪುಟ್ಟಿಗೆ ಆಯುರಾರೋಗ್ಯವಿರಲಿ. ದೂರದ ಆ ಹಿಮದ ಹಾಸು ತನ್ನ ನೀರನ್ನು ತಾಳಿಕೊಂಡು ಬಹುಕಾಲ ಬಾಳಲಿ. ನನ್ನನ್ನು ಮಾವನೆಂದು ಕರೆದ ನನ್ನ ಮಗಳು ಸುಖವಾಗಿರಲಿ.