ಹಂಡೆಯ ಮೇಲಿನ ಹೆಸರು

ಲೂಯಿಸ್ ಫ್ಲೆಚರ್ ಜಂಬದ ಮನುಷ್ಯ. ಒಳ್ಳೆಯ ಮಾಸ್ಟ್ರು ಹೌದು, ಆದರೆ ತಮ್ಮ ಮನೆತನದ ಹೆಸರಿಗಿಂತ ದೊಡ್ಡದೇನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ, ಕೊಡೆಯ ಹಿಡಿಯ ಮೇಲೆ, ಉಣ್ಣುವ ಬಟ್ಟಲಿನ ಅಂಚಿನಲ್ಲಿ ಕೂಡ ‘ಎಲ್. ಫ್ಲೆಚರ್’ ಎಂದು ಬರೆಸಿದ್ದರು. ಕಾಪುವಿನ ಉಳಿದ ಕ್ರೈಸ್ತರದು ಪೋರ್ಚುಗೀಸ್ ಪಾದ್ರಿಗಳು ಹಂಚಿದ ಹೆಸರುಗಳು. ತಮ್ಮದು ಮಾತ್ರ ರಕ್ತದಲ್ಲಿ ಬಂದದ್ದು. ಅಜ್ಜ ಕಜೆಟನರನ್ನು ಹುಟ್ಟಿಸಿದವನು ರಸ್ತೆ ಮಾಡಿಸಲು ಬಂದ ಇಂಗ್ಲಿಷ್ ಇಂಜಿನಿಯರ್ ಎಂದು ಸಂದರ್ಭವಿದ್ದಲ್ಲಿಯೂ ಇಲ್ಲದಲ್ಲಿಯೂ ಹೇಳುತ್ತಿದ್ದರು. ಊರವರು ಹಿಂದಿನಿಂದ ‘ಕಾಪುವಿನ ದೊರೆ’ ಎನ್ನುತ್ತಿದ್ದರು.

೧೯೫೮ರಲ್ಲಿ ಮಗಳು ಝೀಟಾಳಿಗೆ ಕಲ್ಯಾಣಪುರದಿಂದ ಸಂಬಂಧ ಬಂತು. ಹುಡುಗ ಅವಳಿಗೂ ಒಪ್ಪಿಗೆಯಾಗಿದ್ದ. ತವರಿನಿಂದ ಕೊಡುವ ತಾಮ್ರದ ಹಂಡೆಯೂ ಮನೆಗೆ ಬಂದಾಗಿತ್ತು; ಹೆಸರು ಕೆತ್ತಿಸುವುದಷ್ಟೇ ಬಾಕಿ. ಮಾತುಕತೆಯ ದಿನ ಹುಡುಗನ ದೊಡ್ಡಪ್ಪ ವ್ಯಾಲೆಂಟೈನ್ ಎಲೆಯಡಿಕೆ ಮುಗಿಸಿ ಕೇಳಿದರು.

“ಎಲ್ಲ ಸರಿ ಮಾಸ್ಟ್ರೇ. ಆ ಬಿಳಿಯ ನಿಮ್ಮ ಮುತ್ತಜ್ಜಿಯನ್ನು ಯಾವ ಇಗರ್ಜಿಯಲ್ಲಿ ಮದುವೆಯಾದದ್ದು?”

ಐವತ್ತು ವರ್ಷ ಮೆರೆಸಿದ ಹೆಸರಿನ ಹಿಂದೆ ಒಬ್ಬ ಹೆಂಗಸೂ ಇರಬೇಕು ಎಂಬುದು ಲೂಯಿಸರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಒಂದು ತಿಂಗಳು ಕೊಡಿ. ದಾಖಲೆ ತರುತ್ತೇನೆ.”

“ತನ್ನಿ. ಅಲ್ಲಿಯವರೆಗೆ ಮಾತು ಇಲ್ಲಿಗೇ ನಿಲ್ಲಲಿ.”

ಫ್ಲೆಚರರ ಮೂಲ ತಿಳಿಸಬೇಕೆಂದು ಇಂಗ್ಲೆಂಡಿನ ಒಂದು ಇಗರ್ಜಿಗೆ ಲೂಯಿಸ್ ಹಿಂದೆಯೇ ಬರೆದಿದ್ದರು. ಉತ್ತರ ಆ ವಾರ ಬಂತು. ಅದು ಕಸುಬಿನ ಹೆಸರು: ಬಿಲ್ಲುಬಾಣದ ಕಾಲದಲ್ಲಿ ಬಾಣ ಮಾಡಿ ಅದಕ್ಕೆ ಹಕ್ಕಿಯ ಗರಿ ಕಟ್ಟುತ್ತಿದ್ದವರು. ಊರೂರಿನಲ್ಲಿ ಬೇರೆ ಬೇರೆ ಕುಟುಂಬಗಳಿಗೆ ಬಂದದ್ದರಿಂದ ಎಲ್ಲ ಫ್ಲೆಚರರೂ ಒಂದೇ ವಂಶದವರಲ್ಲ.

“ಹಾಗಾದರೆ ನಮ್ಮಲ್ಲಿ ಬುಟ್ಟಿ ಹೆಣೆಯುವವರ ಹಾಗೆ, ಅಲ್ವಾ?” ಎಂದರು ಹೆಂಡತಿ ಬರ್ತಾ.

ಲೂಯಿಸ್ ಕಾಗದ ಮಡಚಿಟ್ಟರು. ಪ್ರತಿ ಭಾನುವಾರ ಪೂಜೆ ಮುಗಿದೊಡನೆ ಇಗರ್ಜಿಗಳ ಹಳೆಯ ದಾಖಲೆ ಹುಡುಕಲು ಬಸ್ಸು ಹತ್ತಿದರು. ಉಡುಪಿಯಲ್ಲಿ ಏನೂ ಸಿಗಲಿಲ್ಲ, ಕಲ್ಯಾಣಪುರದಲ್ಲಿಯೂ ಇಲ್ಲ. ನಾಲ್ಕನೆಯ ಭಾನುವಾರ ಕಾರ್ಕಳದ ಕಡೆಯ ಒಂದು ಇಗರ್ಜಿಯಲ್ಲಿ ಮುದಿ ಪಾದ್ರಿ ಗೆದ್ದಲು ತಿಂದ ಪುಸ್ತಕ ಬಿಡಿಸಿ, ಲ್ಯಾಟಿನ್ ಸಾಲುಗಳ ಮೇಲೆ ಬೆರಳಿಟ್ಟು ಅರ್ಥ ಹೇಳಿದರು.

“೧೮೬೨. ಗಂಡು ಮಗು, ಕಜೆಟನ್. ಹೆತ್ತವರು ತಿಳಿಯದು. ರಸ್ತೆ ಬದಿಯಲ್ಲಿ ಸಿಕ್ಕಿದ್ದು. ದೀಕ್ಷಾಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ರಸ್ತೆಯ ಮೇಲ್ವಿಚಾರಕ ಫ್ಲೆಚರ್. ಮಗುವಿಗೆ ಅವನದೇ ಹೆಸರು. ಸಾಕಲು ಒಯ್ದವಳು ಅಲ್ಲಿ ಕಲ್ಲು ಹೊರುತ್ತಿದ್ದ ವಿಧವೆ ಆನಿ, ಊರು ಇನ್ನಂಜೆ.”

“ಮತ್ತೇನಾದರೂ ಉಂಟಾ ಫಾದರ್?”

“ಉಂಟು. ಮುಂದಿನ ವರ್ಷವೇ ಆ ಫ್ಲೆಚರ್ ಊರು ಬಿಟ್ಟ ಎಂದು ಬದಿಯಲ್ಲಿ ಬರೆದಿದೆ.”

ಮನೆಯಲ್ಲಿ ಬರ್ತಾ ದಾರಿ ಹುಡುಕಿದರು. “ಮಂಗಳೂರಿನಲ್ಲಿ ಮದುವೆಯಾಗಿತ್ತು, ಪುಸ್ತಕ ಸುಟ್ಟುಹೋಯಿತು ಎನ್ನಿ. ಯಾರು ಹೋಗಿ ನೋಡುತ್ತಾರೆ? ನಿಮ್ಮ ದೊರೆಯೂ ಉಳಿದಾನು, ಹುಡುಗಿಯ ಮದುವೆಯೂ ಉಳಿದೀತು.”

“ಬರೆದದ್ದು ಬರೆದದ್ದು,” ಎಂದರು ಲೂಯಿಸ್.

ಮರುದಿನ ಕಲ್ಯಾಣಪುರದ ಮನೆಯ ಮೇಜಿನ ಮೇಲೆ ಪಾದ್ರಿ ಬರೆದುಕೊಟ್ಟ ನಕಲು ಇಟ್ಟರು. ವ್ಯಾಲೆಂಟೈನ್ ಎರಡು ಸಲ ಓದಿದರು.

“ಅಂದರೆ ಕಾಪುವಿನ ದೊರೆಯ ಮೂಲ ಕಲ್ಲು ಹೊರುವ ಒಂದು ಬುಟ್ಟಿ.”

“ಹೌದು ವ್ಯಾಲೆಂಟೈನರೇ.”

“ಇದನ್ನು ನಾಳೆ ನಾನು ಊರಿಗೆಲ್ಲ ಹೇಳಿದರೆ?”

“ನಿಮಗೇಕೆ ಆ ಕಷ್ಟ? ಬರುವ ದಾರಿಯಲ್ಲಿ ಬಸ್ಸಿನಲ್ಲಿ ನಾನೇ ಹೇಳಿಕೊಂಡು ಬಂದೆ.”

ವ್ಯಾಲೆಂಟೈನ್ ನಕಲನ್ನು ಮಡಚಿ ಹಿಂದಕ್ಕೆ ಕೊಟ್ಟರು.

“ಸುಳ್ಳು ಹೇಳುವ ಬೀಗರು ನನಗೆ ಬೇಡವಾಗಿತ್ತು. ಮದುವೆ ಜನವರಿಯಲ್ಲಿ ಇಡುವ, ಆಗದೇ?”

ಆ ಶನಿವಾರ ಲೂಯಿಸ್ ಹಂಡೆಯನ್ನು ಉಡುಪಿಯ ಪಾತ್ರೆ ಅಂಗಡಿಗೆ ಒಯ್ದರು. ಕೆತ್ತುವವನಿಗೆ ಅವರ ಹೆಸರು ಬಾಯಿಪಾಠ. ಅವರ ಮನೆಯ ಲೋಟ ತಟ್ಟೆಗಳೆಲ್ಲ ಅವನ ಕೈಯವೇ.

“ಕೊಟ್ಟವರ ಹೆಸರು ಅಲ್ವಾ ಮಾಸ್ಟ್ರೇ? ಎಲ್. ಫ್ಲೆಚರ್.”

“ಬೇಡ. ‘ಆನಿ, ಇನ್ನಂಜೆ’ ಎಂದು ಹಾಕು.”

“ಅದು ಯಾರು?”

“ಕೊಟ್ಟವಳು.”